ಸ್ಕ್ರೀನಿಗಿಂತ ಮೊದಲು ಬಾಗಿಲು, ಸೂರು, ವೈರಿಂಗ್

ಕಾರಿಗೆ ಹೊಸ ಸೌಂಡ್ ಸಿಸ್ಟಂ ಹಾಕಿಸಬೇಕು ಅಂತ ಶಿವಮೊಗ್ಗದಲ್ಲಿ ಯಾರ ಹತ್ತಿರ ಬಾಯಿ ಬಿಟ್ಟರೂ ಮೊದಲು ಬರುವ ಸಲಹೆ ಒಂದೇ: 'ಒಂದು 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್ ಕೂರಿಸಿಬಿಡಿ.' ಅದರ ಜೊತೆ ಹಿಂದಿನ ಟ್ರೇ ಮೇಲೆ ಎರಡು ಓವಲ್ ಸ್ಪೀಕರ್, ಡಿಕ್ಕಿಯಲ್ಲಿ ಒಂದು ಬೇಸ್ ಟ್ಯೂಬ್. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಗಾಡಿ ಕೈಗೆ ಬರುತ್ತದೆ. ತುಂಬಾ ಜನ ಹೀಗೇ ಮಾಡಿಸಿಕೊಂಡು ಖುಷಿಯಾಗಿದ್ದಾರೆ. ನನಗೆ ಬೇಕಾಗಿದ್ದು ಬೇರೆ. ಜೋರು ಮಳೆಯಲ್ಲಿ ಗಾಡಿ ಓಡಿಸುವಾಗಲೂ ಹಾಡಿನ ಒಂದೊಂದು ಅಕ್ಷರ ಬಿಡಿಸಿ ಕೇಳಬೇಕು. ಆ ಆಸೆ ಹಿಡಿದು ಹೊರಟಿದ್ದಕ್ಕೆ ನನ್ನ ದುಡ್ಡಿನ ದೊಡ್ಡ ಪಾಲು ಹೋಗಿದ್ದು ಕಣ್ಣಿಗೆ ಕಾಣದ ಜಾಗಗಳಿಗೆ. ಹೋಗಿದ್ದು ಸರಿಯಾಗಿಯೇ ಇದೆ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ.

ನನ್ನದು 2014ರ ಸ್ವಿಫ್ಟ್. ಇರುವುದು ಶಿವಮೊಗ್ಗದಲ್ಲಿ, ತೋಟ ಮನೆ ಹೊಸನಗರದ ಕಡೆ. ಆಯನೂರು, ರಿಪ್ಪನ್‌ಪೇಟೆ ದಾಟಿ ಹೋಗುವ ದಾರಿ. ಹೆಂಡತಿಯ ತವರು ತೀರ್ಥಹಳ್ಳಿಯಿಂದ ಆಚೆ, ಆಗುಂಬೆಗೆ ಹೋಗುವ ರಸ್ತೆಯಲ್ಲಿ. ಹಾಗಾಗಿ ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ದಾರಿಯೂ ನಮಗೆ ಮನೆಯಂಗಳದ ಹಾಗೆ ಆಗಿದೆ. ಈ ಎರಡೂ ದಾರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದೇ ಅಪರೂಪ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಕಂಪನಿಯಿಂದಲೇ ಬಂದಿದ್ದ ಸ್ಟೀರಿಯೋ ಬೇಸಿಗೆಯಲ್ಲಿ ಪರವಾಗಿಲ್ಲ ಅನ್ನಿಸುತ್ತಿತ್ತು. ಮಳೆ ಶುರುವಾದರೆ ಮಾತ್ರ ಸೂರಿನ ಮೇಲಿನ ಸದ್ದೇ ಹಾಡನ್ನು ನುಂಗಿಬಿಡುತ್ತಿತ್ತು. ವಾಲ್ಯೂಮ್ ಏರಿಸಿದರೆ ಡೋರ್ ಪ್ಯಾಡ್ ಗಡಗಡ ಅನ್ನುತ್ತಿತ್ತು, ದನಿ ಒಡೆಯುತ್ತಿತ್ತು.

ನಾನು ಕೇಳುವುದು ಏನು ಅಂತಲೂ ಹೇಳಬೇಕು, ಯಾಕೆಂದರೆ ಸಿಸ್ಟಂ ಆರಿಸುವುದು ಅದರ ಮೇಲೆ ನಿಂತಿದೆ. ಗಾಡಿಯಲ್ಲಿ ನನಗೆ ಭಾವಗೀತೆ ಬೇಕು. ಶಿವಮೊಗ್ಗ ಸುಬ್ಬಣ್ಣ ಅವರ ದನಿ ಬೇಕು. ಅವರ ಹುಟ್ಟೂರು ನಮ್ಮ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. 2022ರಲ್ಲಿ ತೀರಿಕೊಂಡ ಮೇಲೆ ಅವರ ಹಾಡು ಇನ್ನೂ ಜಾಸ್ತಿ ಕೇಳುತ್ತಿದ್ದೇನೆ. ಇನ್ನೊಂದು ಯಕ್ಷಗಾನ. ಕಾಳಿಂಗ ನಾವಡರ ಭಾಗವತಿಕೆಯ ಹಳೆಯ ಕ್ಯಾಸೆಟ್‌ಗಳು ನಮ್ಮ ಮನೆಯಲ್ಲಿದ್ದವು, ಈಗ ಎಲ್ಲಾ ಪೆನ್‌ಡ್ರೈವ್‌ಗೆ ಬಂದಿವೆ. ಭಾವಗೀತೆಗೆ ದನಿ ಸ್ಪಷ್ಟ ಇರಬೇಕು. ಯಕ್ಷಗಾನಕ್ಕೆ ಚೆಂಡೆಯ ಪೆಟ್ಟು ಕಿವಿಗೆ ಚುಚ್ಚದೆ ಹೊಡೆಯಬೇಕು, ಮದ್ದಳೆಯ ಗುಮಕಿ ಹೊಟ್ಟೆಗೆ ತಟ್ಟಬೇಕು. ಎದೆ ನಡುಗಿಸುವ ಬೇಸ್ ನನಗೆ ಬೇಕಿರಲಿಲ್ಲ.

ಮೊದಲು ಹೋದ ಅಂಗಡಿಯಲ್ಲಿ ಕೇಳಿದ್ದು ಬರೀ ವ್ಯಾಟ್ ಲೆಕ್ಕ. ಡಬ್ಬದ ಮೇಲೆ 50 ವ್ಯಾಟ್ 4 ಚಾನೆಲ್ ಅಂತ ದಪ್ಪಕ್ಷರದಲ್ಲಿ ಇರುತ್ತದಲ್ಲ, ಅದು ಕ್ಷಣಮಾತ್ರ ಕೊಡಬಲ್ಲ ಗರಿಷ್ಠ ಶಕ್ತಿ. ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸ್ಟೀರಿಯೋಗೆ ಸಿಗುವುದು ಕಾರಿನ 12 ವೋಲ್ಟ್. ಎಂಜಿನ್ ಓಡುವಾಗ 14ರ ಆಸುಪಾಸು. ಸಾಮಾನ್ಯ 4 ಓಮ್ ಸ್ಪೀಕರಿಗೆ ಆ ವೋಲ್ಟೇಜಿನಲ್ಲಿ ದನಿ ಒಡೆಯದೆ, ನಿರಂತರವಾಗಿ ಕೊಡಲು ಆಗುವುದು ಚಾನೆಲ್‌ಗೆ 20 ವ್ಯಾಟ್ ಹತ್ತಿರ ಅಷ್ಟೇ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್ ಅಂತ ಬರೆದಿರುವ ಈ ನಿರಂತರ ಶಕ್ತಿಯನ್ನು ನೋಡಬೇಕು. ಅದೇ ಅಂಗಡಿಯಲ್ಲಿ ಕಂಪನಿ ವೈರ್ ಕಟ್ ಮಾಡಿ, ಇನ್ಸುಲೇಷನ್ ಟೇಪ್ ಸುತ್ತಿ ಕೊಡುತ್ತೇವೆ, ಕಂಪನಿ ವೈರಿಗೆ ನೇರ ಸಿಕ್ಕಿಸುವ ಕಪ್ಲರ್ ಯಾಕೆ ಸುಮ್ನೆ ಅಂದರು. ನಮ್ಮ ಕಡೆ ತೇವದಲ್ಲಿ ಆ ಟೇಪಿನ ಅಂಟು ಒಂದು ಮಳೆಗಾಲಕ್ಕೆ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಎದ್ದು ಬಂದೆ.

ಕೊನೆಗೆ ಸಿಕ್ಕಿದ್ದು ಒಬ್ಬರೇ ಕೆಲಸ ಮಾಡುವ ಸಣ್ಣ ಅಂಗಡಿ. ಅವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಸ್ಪೀಕರ್ ಬಗ್ಗೆ ಒಂದು ಮಾತೂ ಆಡದೆ, ಮುಂದಿನ ಎಡ ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿ ನೋಡಿದರು. 'ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿದ್ದರೆ ನೀರು ಇಲ್ಲಿಗೇ ಇಳಿಯುತ್ತೆ. ಮೊದಲು ಅದು ನೋಡ್ಬೇಕು. ಆಮೇಲೆ ಸೀಟಿನ ಕೆಳಗೆ ಸಬ್, ಅಂದ್ರೆ ಬೇಸ್ ಸ್ಪೀಕರ್, ಇಡಬಹುದಾ ಇಲ್ವಾ ಅಂತ ಹೇಳ್ತೀನಿ,' ಅಂದರು. ನನಗೆ ಆ ಕ್ಷಣವೇ ಇವರ ಹತ್ತಿರವೇ ಮಾಡಿಸಬೇಕು ಅನ್ನಿಸಿತು. ಪೈಪ್ ಚೆನ್ನಾಗಿತ್ತು. ಕಾರ್ಪೆಟ್ ಒಣಗಿತ್ತು.

ಕೆಲಸ ಶುರುವಾಗಿದ್ದು ಚಾಲಕನ ಬಾಗಿಲಿನಿಂದ. ಪ್ಲಾಸ್ಟಿಕ್ ಪಟ್ಟಿಯಿಂದ ಡೋರ್ ಪ್ಯಾಡ್‌ನ ಕ್ಲಿಪ್‌ಗಳನ್ನು ಒಂದೊಂದಾಗಿ ಎಬ್ಬಿಸಿದರು. ಸ್ಕ್ರೂಡ್ರೈವರ್ ಹಾಕಿ ಎತ್ತಿದರೆ ಕ್ಲಿಪ್ ಮುರಿಯುತ್ತವೆ, ಮುರಿದ ಕ್ಲಿಪ್ಪೇ ಮುಂದೆ ಗಡಗಡ ಸದ್ದಿಗೆ ಕಾರಣ. ಪ್ಯಾಡ್ ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತು. ಒಳಗೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಅಂಚಿಗೆ ಕಪ್ಪು ಅಂಟು. ಹಾಳೆ ಒಂದು ಮೂಲೆಯಲ್ಲಿ ಹಿಂದೆ ಯಾವಾಗಲೋ ಹರಿದಿತ್ತು. ಗ್ಲಾಸ್ ಇಳಿಯುವ ಸಂದಿಯಿಂದ ಮಳೆನೀರು ಬಾಗಿಲ ಒಳಗೆ ಇಳಿಯುವುದು ಸಹಜ, ಎಲ್ಲಾ ಕಾರಿನಲ್ಲೂ ಇಳಿಯುತ್ತದೆ. ತಳದಲ್ಲಿರುವ ತೂತುಗಳಿಂದ ಅದು ಆಚೆ ಹೋಗುತ್ತದೆ. ಈ ಹಾಳೆ ಇರುವುದು ಆ ನೀರು ಕ್ಯಾಬಿನ್ ಕಡೆ ಬರದಂತೆ ತಡೆಯುವುದಕ್ಕೆ. ಹರಿದ ಮೂಲೆಯ ಕೆಳಗೆ ತಗಡಿನ ಮೇಲೆ ನೀರು ಹರಿದ ಕಂದು ಗೆರೆ ಕಾಣುತ್ತಿತ್ತು. ಸ್ಪೀಕರ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹಗುರಕ್ಕೆ ಹಗುರ. ಬೆನ್ನಿಗೆ ಸಣ್ಣ ಆಯಸ್ಕಾಂತ, ಕಾಗದದ ಕೋನು. ಕೋನಿನ ಅಂಚು ಮೆತ್ತಗಾಗಿ ಬೂಷ್ಟು ಹಿಡಿದಿತ್ತು, ಬೆರಳು ತಾಗಿಸಿದರೆ ಪುಡಿ ಬರುತ್ತಿತ್ತು.

ಆಮೇಲೆ ಅವರು ಒಳಗಿನ ತಗಡಿನಲ್ಲಿರುವ ದೊಡ್ಡ ತೂತುಗಳನ್ನು ತೋರಿಸಿದರು. ಗ್ಲಾಸ್ ಮೋಟರ್ ರಿಪೇರಿಗೆ ಕೈ ಹಾಕಲಿಕ್ಕೆ ಕಂಪನಿಯವರು ಬಿಟ್ಟಿರುವ ತೂತುಗಳು. ಸ್ಪೀಕರ್ ಮುಂದಕ್ಕೆ ಗಾಳಿ ತಳ್ಳುವಾಗ ಅದರ ಬೆನ್ನಿನ ಕಡೆ ಗಾಳಿ ಎಳೆದುಕೊಳ್ಳುತ್ತದೆ. ಹಿಂದಿನ ಸದ್ದು ಈ ತೂತುಗಳಿಂದ ಮುಂದೆ ಬಂದು ಮುಂದಿನ ಸದ್ದಿಗೆ ಸೇರಿದರೆ ಎರಡೂ ಒಂದನ್ನೊಂದು ಹೊಡೆದು ಹಾಕುತ್ತವೆ. ಹೀಗೆ ಸಾಯುವುದು ಹೆಚ್ಚಾಗಿ ಕೆಳಗಿನ ಸ್ವರಗಳು, ಅಂದರೆ ಮದ್ದಳೆ, ತಬಲಾದ ಡಗ್ಗಾ, ಗಂಡು ದನಿಯ ಎದೆಭಾಗ. ಎಷ್ಟೇ ದುಬಾರಿ ಸ್ಪೀಕರ್ ಹಾಕಿದರೂ ಈ ತೂತು ಹಾಗೇ ಇದ್ದರೆ ಬೇಸ್ ಬರುವುದಿಲ್ಲ. ಬೇಸ್ ಇಲ್ಲ ಅಂತ ಜನ ಡಿಕ್ಕಿಗೆ ದೊಡ್ಡ ಡಬ್ಬ ಹಾಕಿಸುತ್ತಾರೆ. ಅರ್ಧ ಬೇಸ್ ಬಾಗಿಲಲ್ಲೇ ಇತ್ತು ಅನ್ನುವುದು ಗೊತ್ತೇ ಆಗುವುದಿಲ್ಲ.

ಹಾಕಿದ್ದು ತಗಡಿನ ನಡುಕ ತಗ್ಗಿಸುವ ಬ್ಯುಟೈಲ್ ಡ್ಯಾಂಪಿಂಗ್ ಶೀಟ್. ಮೇಲೆ ಅಲ್ಯೂಮಿನಿಯಂ ಹಾಳೆ, ಕೆಳಗೆ ರಬ್ಬರಿನಂಥ ಕಪ್ಪು ಅಂಟು. ಇದೇ ಥರ ಕಾಣುವ ಡಾಂಬರು ಶೀಟೂ ಸಿಗುತ್ತದೆ, ರೇಟು ಕಡಿಮೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಅದು ಕರಗಿ ಜಾರುತ್ತದೆ, ವಾಸನೆ ಹೋಗುವುದೇ ಇಲ್ಲ. ಬ್ಯುಟೈಲೇ ಬೇಕು ಅಂತ ನಾನು ಗಟ್ಟಿಯಾಗಿ ನಿಂತೆ. ಮೊದಲು ತಗಡನ್ನು ಸ್ಪಿರಿಟ್ ಹಾಕಿ ಒರೆಸಿದರು. ಗಾಳಿಯಲ್ಲಿ ತೇವ ಇದ್ದಿದ್ದರಿಂದ ಹೇರ್ ಡ್ರೈಯರ್ ಹಿಡಿದು ತಗಡು ಬೆಚ್ಚಗಾದ ಮೇಲೆ ಶೀಟ್ ಅಂಟಿಸಿ, ಸಣ್ಣ ಕಬ್ಬಿಣದ ರೋಲರ್‌ನಿಂದ ಒತ್ತಿ ಉಜ್ಜಿದರು. ಹಾಳೆಯ ಮೇಲಿನ ಉಬ್ಬು ಗೆರೆಗಳು ಸಪಾಟಾಗುವವರೆಗೆ ಒತ್ತಬೇಕು, ಇಲ್ಲದಿದ್ದರೆ ಗಾಳಿ ಒಳಗೇ ಉಳಿಯುತ್ತದೆ. ಮೊದಲು ಹೊರ ತಗಡಿನ ಒಳಮುಖಕ್ಕೆ, ಆಮೇಲೆ ಒಳ ತಗಡಿನ ತೂತುಗಳನ್ನು ಮುಚ್ಚಿ ಪೂರ್ತಿ. ಬಾಗಿಲ ತಳದ ನೀರಿನ ತೂತುಗಳನ್ನು ಮಾತ್ರ ಮುಟ್ಟಲಿಲ್ಲ. ಒಂದು ತಂತಿ ಹಾಕಿ ಅವುಗಳೊಳಗಿನ ಮಣ್ಣು, ಕೊಳೆತ ಎಲೆ ತೆಗೆದು, ಮೇಲಿನಿಂದ ಒಂದು ಚೊಂಬು ನೀರು ಸುರಿದು ಆಚೆ ಬರುವುದನ್ನು ನನಗೆ ತೋರಿಸಿದರು. ಘಟ್ಟದ ಮಳೆಯಲ್ಲಿ ಓಡುವ ಗಾಡಿಗೆ ಆ ತೂತು ಮುಚ್ಚಿಬಿಟ್ಟರೆ ಬಾಗಿಲು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಇದೊಂದು ವಿಷಯ ಕೇಳಿ ತಿಳಿದುಕೊಂಡೇ ಬಾಗಿಲು ಬಿಚ್ಚಲು ಬಿಡಿ.

ಪ್ಯಾಡ್ ವಾಪಸ್ ಹಾಕುವ ಮೊದಲೇ ಬಾಗಿಲು ಹಾಕಿ ನೋಡಿದೆ. ಟಣ್ ಅನ್ನುತ್ತಿದ್ದದ್ದು ಧಪ್ ಅಂತು. ಇನ್ನೂ ಹೊಸ ಸ್ಪೀಕರ್ ಕೂರಿಸಿಯೇ ಇರಲಿಲ್ಲ. ಕಂಪನಿ ಸ್ಪೀಕರನ್ನೇ ಮತ್ತೆ ಸಿಕ್ಕಿಸಿ ಒಂದು ಹಾಡು ಹಾಕಿಸಿದೆ. ಎಡ ಬಾಗಿಲಿಗೂ ಬಲ ಬಾಗಿಲಿಗೂ ಬ್ಯಾಲೆನ್ಸ್ ತಿರುಗಿಸಿ ಕೇಳಿದರೆ, ಕೆಲಸ ಮುಗಿದ ಬಾಗಿಲಲ್ಲಿ ಅದೇ ಬೂಷ್ಟು ಹಿಡಿದ ಸ್ಪೀಕರಿನಿಂದ ದನಿ ದಪ್ಪಗೆ ಬರುತ್ತಿತ್ತು. ಸುಬ್ಬಣ್ಣ ಅವರ ದನಿಯಲ್ಲಿ ಒಂದು ತೂಕ ಇದೆಯಲ್ಲ, ಅದು ಮೊದಲ ಸಲ ಆ ಗಾಡಿಯಲ್ಲಿ ಕೇಳಿತು. ಬಜೆಟ್ ಕಡಿಮೆ ಇರುವವರು ಇಲ್ಲಿಗೇ ನಿಲ್ಲಿಸಿದರೂ ನಡೆಯುತ್ತದೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಹೊಸ ಸ್ಪೀಕರ್‌ಗೆ ಕಾಂಪೊನೆಂಟ್ ಸೆಟ್ ತೆಗೆದುಕೊಂಡೆ. ಬಾಗಿಲಲ್ಲಿ ಕೆಳಗಿನ, ನಡುವಿನ ಸ್ವರಗಳಿಗೆ ಆರೂವರೆ ಇಂಚಿನ ಮಿಡ್, ಕನ್ನಡಿಯ ಪಕ್ಕದ ತ್ರಿಕೋನದಲ್ಲಿ ಮೇಲಿನ ಸ್ವರಗಳಿಗೆ ಟ್ವೀಟರ್, ಎರಡಕ್ಕೂ ಸ್ವರ ಹಂಚುವ ಕ್ರಾಸ್‌ಓವರ್. ಕೋನು ಕಾಗದದ್ದಲ್ಲ, ಪಾಲಿಪ್ರೊಪಿಲೀನ್. ಕಾಗದದ ಕೋನಿನ ಸೊಗಸೇ ಬೇರೆ ಅನ್ನುವವರಿದ್ದಾರೆ, ನಾನೂ ಒಪ್ಪುತ್ತೇನೆ, ಆದರೆ ಮಲೆನಾಡಿನ ಬಾಗಿಲಲ್ಲಿ ಅದು ಬಾಳುವುದಿಲ್ಲ. ಇದೇ ಕಾರಣಕ್ಕೆ ಸ್ಪೀಕರ್ ಕೂರಿಸುವ ಬಳೆಯೂ ಎಂಡಿಎಫ್ ಬೇಡ ಅಂದೆ. ಎಂಡಿಎಫ್ ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ನೀರು ಕುಡಿದರೆ ಉಬ್ಬಿ ಬಿರಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಬಳೆ ಹಾಕಿ, ಸುತ್ತ ಫೋಮ್ ಪಟ್ಟಿ ಕೊಟ್ಟು ಕೂರಿಸಿದರು. ವೈರ್ ಜೋಡಿಸುವ ಮೊದಲು ಒಂದು ಗೋಡೆ ಗಡಿಯಾರದ ಸೆಲ್ ತೆಗೆದು ವೈರಿನ ತುದಿಗೆ ತಾಗಿಸಿದರು. ಟಪ್ ಅಂತ ಕೋನು ಮುಂದಕ್ಕೆ ಜಿಗಿಯಿತು. ಇನ್ನೊಂದು ಬಾಗಿಲಲ್ಲೂ ಹಾಗೇ. ಒಂದು ಮುಂದೆ ಜಿಗಿದು ಇನ್ನೊಂದು ಹಿಂದೆ ಸರಿದರೆ ಪ್ಲಸ್ ಮೈನಸ್ ಅದಲು ಬದಲಾಗಿದೆ ಅಂತ ಅರ್ಥ. ಆಗ ಬೇಸ್ ಮಾಯವಾಗುತ್ತದೆ, ಹಾಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ. ಒಂದೂವರೆ ವೋಲ್ಟಿನ ಸೆಲ್‌ನಲ್ಲಿ ಆಗುವ ಪರೀಕ್ಷೆ ಇದು, ಯಾವ ಮೆಷಿನ್ನೂ ಬೇಡ.

ಇನ್ನು ಸೂರು. ಇದನ್ನು ಮಾಡಿಸುವವರು ನಮ್ಮಲ್ಲಿ ತೀರಾ ಕಡಿಮೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿದ್ದು ಇದೇ. ಕಾರಿನ ಸೂರು ಅಂದರೆ ತೆಳ್ಳನೆ ತಗಡು, ಅಡ್ಡಕ್ಕೆ ಕೆಲವು ಪಟ್ಟಿಗಳು. ಪಟ್ಟಿಗಳ ನಡುವಿನ ಜಾಗ ಹನಿ ಬಿದ್ದಾಗೆಲ್ಲಾ ನಡುಗುತ್ತದೆ. ನಡುಗುವುದನ್ನು ನಿಲ್ಲಿಸಿದರೆ ಸದ್ದು ಇಳಿಯುತ್ತದೆ. ಒಳಗಿನ ದೀಪ, ಸನ್ ವೈಸರ್, ಹಿಡಿಕೆಗಳು ಎಲ್ಲಾ ಬಿಚ್ಚಿ ಸೂರಿನ ಲೈನಿಂಗ್ ಇಳಿಸಬೇಕು. ಲೈನಿಂಗ್ ಮಡಚಿದರೆ ಗೆರೆ ಬಿದ್ದು ಹಾಳಾಗುತ್ತದೆ. ಇಬ್ಬರು ಹಿಡಿದು ಸೀಟಿನ ಬೆನ್ನು ಮಲಗಿಸಿ, ನಿಧಾನಕ್ಕೆ ಇಳಿಸಿ ಹಾಗೇ ಸೀಟಿನ ಮೇಲೆ ಇಟ್ಟುಕೊಂಡು ಕೆಲಸ ಮಾಡಿದರು. ಸೂರು ಪೂರ್ತಿ ಮುಚ್ಚಬೇಕಿಲ್ಲ. ಪಟ್ಟಿಗಳ ನಡುವೆ ಮಧ್ಯಭಾಗಕ್ಕೆ ಶೀಟ್ ಬಿದ್ದರೆ ಸಾಕು, ಸೂರಿಗೆ ಸುಮ್ನೆ ಭಾರ ಹೇರಬಾರದು. ಅದರ ಮೇಲೆ ತೆಳು ಫೋಮ್ ಒಂದು ಪದರ. ಬಿಸಿಲು ಕಾಲದಲ್ಲಿ ಸೂರಿನ ಕಾವು ಇಳಿಯುವುದಕ್ಕೂ ಅದು ನೆರವಾಗುತ್ತದೆ.

ಈಗಿನ ಹೊಸ ಕಾರುಗಳಲ್ಲಿ 6 ಏರ್‌ಬ್ಯಾಗ್ ಸಾಮಾನ್ಯವಾಗುತ್ತಿದೆ. ಅವುಗಳಲ್ಲಿ ಎರಡು ಪರದೆಯಂತೆ ಸೂರಿನ ಅಂಚಿನಲ್ಲಿ ಮಡಚಿ ಕೂತಿರುತ್ತವೆ. ಅಂಥ ಗಾಡಿಯ ಸೂರನ್ನೂ, ಮುಂದಿನ ಗ್ಲಾಸಿನ ಪಕ್ಕದ ಕಂಬವನ್ನೂ ಬರೀ ಆಡಿಯೋ ಕೆಲಸದವರ ಕೈಯಲ್ಲಿ ಬಿಚ್ಚಿಸಬೇಡಿ. ಅಲ್ಲಿ ವೈರ್ ಅಡ್ಡ ಹಾಯಿಸಿದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೇ ಅಡ್ಡಿ. ನನ್ನ ಹಳೆಯ ಸ್ವಿಫ್ಟ್‌ನ ಸೂರಿನಲ್ಲಿ ಏರ್‌ಬ್ಯಾಗ್ ಇಲ್ಲದ ಕಾರಣ ಧೈರ್ಯ ಮಾಡಿದೆ.

ಆಂಪ್, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಡಬ್ಬ, ಅದರ ವಿಷಯದಲ್ಲಿ ತಲೆನೋವು ಬಂತು. 4 ಚಾನೆಲ್‌ನ ಆಂಪ್, ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್. ಇದು ಗಟ್ಟಿ ಸದ್ದಿಗೆ ಅಂತಲ್ಲ. ಚೆಂಡೆಯ ಪೆಟ್ಟು ಬಂದಾಗ ಒಂದು ಕ್ಷಣಕ್ಕೆ ತುಂಬಾ ಶಕ್ತಿ ಬೇಕು, ಆಗ ಸ್ಟೀರಿಯೋದ ಒಳಗಿನ ಸಣ್ಣ ಆಂಪ್ ಸೋತು ದನಿ ಒಡೆಯುತ್ತದೆ. ಡಿಕ್ಕಿಯಲ್ಲಿ ಅಡಿಕೆ ಚೀಲ, ಹಲಸಿನಹಣ್ಣು, ಊರಿನಿಂದ ಬರುವ ಸಾಮಾನು ಎಲ್ಲಾ ಹಾಕುವವರು ನಾವು, ಅಲ್ಲಿ ಬೇಸ್ ಡಬ್ಬಕ್ಕೆ ಜಾಗ ಇಲ್ಲ. ಹಾಗಾಗಿ ಎಡ ಸೀಟಿನ ಕೆಳಗೆ 8 ಇಂಚಿನ ತೆಳು ಸಬ್, ಬಲ ಸೀಟಿನ ಕೆಳಗೆ ಆಂಪ್. ಎರಡನ್ನೂ ಪ್ಲಾಸ್ಟಿಕ್ ಕಾಲು ಕೊಟ್ಟು ಕಾರ್ಪೆಟ್‌ನಿಂದ ಮೇಲೆ ಎತ್ತಿದ್ದಾರೆ. ತೋಟದಿಂದ ಗಂಬೂಟು ಹಾಕಿಕೊಂಡೇ ಗಾಡಿ ಹತ್ತುವ ಕಾಲದಲ್ಲಿ ಕಾರ್ಪೆಟ್ ಒದ್ದೆಯಾಗುವುದು ತಪ್ಪುವುದಿಲ್ಲ.

ಬ್ಯಾಟರಿಯಿಂದ ಆಂಪ್‌ಗೆ ಬರುವ ವೈರ್ 4 ಗೇಜ್, ಶುದ್ಧ ತಾಮ್ರದ್ದು. ಅಂಗಡಿಯಲ್ಲಿ ಕಿಟ್ ಅಂತ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿದ್ದು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದರಲ್ಲಿ ಕರೆಂಟು ಹರಿಯುವುದೂ ಕಡಿಮೆ, ತೇವದ ಗಾಳಿಗೆ ತುದಿ ಬೇಗ ಕೆಡುತ್ತದೆ. ನಾನು ಕಣ್ಣೆದುರೇ ಕೆರೆಸಿ ನೋಡಿ ತೆಗೆದುಕೊಂಡೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, 45 ಸೆಂಟಿಮೀಟರ್ ಒಳಗೆ ಇರಬೇಕು. ಫ್ಯೂಸ್ ಇರುವುದು ಆಂಪ್ ಉಳಿಸಲಿಕ್ಕಲ್ಲ. ಬ್ಯಾಟರಿಯಿಂದ ಸೀಟಿನವರೆಗೆ ಬರುವ ವೈರ್ ಎಲ್ಲೋ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತದಿರಲಿ ಅಂತ.

ಎಲ್ಲಾ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿದಾಗ ಸ್ಪೀಕರಿನಿಂದ ಸಣ್ಣಗೆ ಕುಂಯ್ ಅನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಇದು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸದ್ದು. ಆಂಪಿನ ಅರ್ತ್ ಒಂದು ಕಡೆ, ಸ್ಟೀರಿಯೋದ ಅರ್ತ್ ಇನ್ನೊಂದು ಕಡೆ ಇದ್ದು, ಎರಡರ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಬಂದರೂ ಅದು ಸಿಗ್ನಲ್ ವೈರಿನ ಮೂಲಕ ಹಾಡಿನೊಳಗೆ ಬರುತ್ತದೆ. ಒಂದು ಸಣ್ಣ ಫಿಲ್ಟರ್ ಸಿಕ್ಕಿಸಿದರೆ ನಿಲ್ಲುತ್ತದೆ ಅಂತ ಪಕ್ಕದ ಅಂಗಡಿಯವರು ಬಂದು ಹೇಳಿದರು. ನಿಲ್ಲುತ್ತದೆ ನಿಜ, ಆದರೆ ಕಡಿಮೆ ಬೆಲೆಯ ಫಿಲ್ಟರ್ ಕೆಳಗಿನ ಸ್ವರಗಳನ್ನೂ ತಿನ್ನುತ್ತದೆ. ಮೂಲ ಹುಡುಕೋಣ ಅಂದೆ. ನಮ್ಮ ಕೆಲಸದವರಿಗೂ ಅದೇ ಬೇಕಿತ್ತು.

ಆಂಪಿನಿಂದ ಸಿಗ್ನಲ್ ವೈರ್ ಕಿತ್ತರು. ಸದ್ದು ನಿಂತಿತು. ಅಂದರೆ ಆಂಪ್ ಸರಿ ಇದೆ, ಸದ್ದು ಸಿಗ್ನಲ್ ದಾರಿಯಲ್ಲಿ ಬರುತ್ತಿದೆ. ಮಲ್ಟಿಮೀಟರ್ ಹಿಡಿದು ಅರ್ತ್ ನೋಡಿದರೆ ಸೀಟಿನ ಬೋಲ್ಟಿಗೆ ಕಟ್ಟಿದ್ದರು, ಬೋಲ್ಟಿನ ಕೆಳಗೆ ಪೇಂಟ್ ಹಾಗೇ ಇತ್ತು. ಕಾರ್ಪೆಟ್ ಎತ್ತಿ, ಚಾಸಿಸ್ ತಗಡಿನ ಮೇಲೆ ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮರಳು ಕಾಗದದಿಂದ ಪೇಂಟ್ ಕೆರೆದರು. ಬೆಳ್ಳಿ ಬಣ್ಣದ ತಗಡು ಕಾಣುವವರೆಗೆ. ತಾಮ್ರದ ಲಗ್ ಒತ್ತಿ ಕೂರಿಸಿ, ನಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಕೆರೆದ ಜಾಗ ತೇವಕ್ಕೆ ತುಕ್ಕು ಹಿಡಿದರೆ ಸದ್ದು ವಾಪಸ್ ಬರುತ್ತದೆ, ಅದಕ್ಕೆ ಗ್ರೀಸ್. ಪವರ್ ವೈರ್ ಗಾಡಿಯ ಎಡಗಡೆಯಿಂದ ಬಂದಿದ್ದರಿಂದ ಸಿಗ್ನಲ್ ವೈರನ್ನು ಬಲಗಡೆಗೆ ಸರಿಸಿದರು. ಎಂಜಿನ್ ಸ್ಟಾರ್ಟ್ ಮಾಡಿ ವಾಲ್ಯೂಮ್ ಪೂರ್ತಿ ಏರಿಸಿ, ಹಾಡು ಹಾಕದೆ ಕಿವಿಯನ್ನು ಟ್ವೀಟರಿಗೆ ತಾಗಿಸಿ ಕೇಳಿದೆ. ಉಸಿರಿನಷ್ಟು ಸಣ್ಣ ಹಿಸ್ ಬಿಟ್ಟರೆ ಏನೂ ಇಲ್ಲ.

ಸ್ಕ್ರೀನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಸ್ಟೀರಿಯೋಗಳು ಡಿನ್ ಅನ್ನುವ ಜರ್ಮನ್ ಅಳತೆಯಲ್ಲಿ ಬರುತ್ತಿದ್ದವು, 180 ಮಿಲಿಮೀಟರ್ ಅಗಲ, 50 ಎತ್ತರ. ಡಬಲ್ ಡಿನ್ ಅಂದರೆ ಎತ್ತರ 100. ಈಗಿನ 9 ಇಂಚಿನವು ಆ ಅಳತೆ ಮೀರಿವೆ, ಆಯಾ ಕಾರಿಗೆ ಅಂತಲೇ ಫ್ರೇಮ್ ಬೇಕು. ಫ್ರೇಮ್ ಮತ್ತು ಕಪ್ಲರ್ ತರಿಸಿಕೊಂಡಿದ್ದರಿಂದ ಕಂಪನಿಯ ಒಂದು ವೈರೂ ಕತ್ತರಿಸಲಿಲ್ಲ. ಸ್ಟೀರಿಂಗ್ ಮೇಲಿನ ಗುಂಡಿಗಳು ಕೆಲಸ ಮಾಡಬೇಕಾದರೆ ಅವುಗಳ ಎರಡು ವೈರ್ ಜೋಡಿಸಿ, ಸೆಟ್ಟಿಂಗ್‌ನಲ್ಲಿ ಒಂದೊಂದೇ ಗುಂಡಿ ಒತ್ತಿ ಕಲಿಸಬೇಕು. ಇನ್ನೊಂದು ವೈರ್ ಹ್ಯಾಂಡ್‌ಬ್ರೇಕಿಗೆ ಹೋಗುತ್ತದೆ. ಗಾಡಿ ಓಡುವಾಗ ವಿಡಿಯೋ ನಿಲ್ಲಿಸಲಿಕ್ಕೆ ಅದು. ಬಹಳ ಕಡೆ ಅದನ್ನು ನೇರ ಅರ್ತ್‌ಗೆ ಕೊಟ್ಟು ಯಾವಾಗಲೂ ವಿಡಿಯೋ ಬರುವಂತೆ ಮಾಡುತ್ತಾರೆ. ನಾನು ಹ್ಯಾಂಡ್‌ಬ್ರೇಕಿಗೇ ಕೊಡಿಸಿದೆ. ಆಗುಂಬೆಯ ತಿರುವುಗಳಲ್ಲಿ ಓಡಿಸುವವನ ಪಕ್ಕ ಸಿನಿಮಾ ಓಡಬಾರದು, ಇದರಲ್ಲಿ ನನಗೆ ಎರಡು ಮಾತಿಲ್ಲ. ಮಕ್ಕಳಿಗೆ ನೋಡಬೇಕಾದರೆ ಗಾಡಿ ನಿಲ್ಲಿಸಿದಾಗ ನೋಡಲಿ.

ಈ ಸ್ಕ್ರೀನ್‌ಗಳ ಪ್ರಚಾರವೆಲ್ಲಾ ಇಂಟರ್ನೆಟ್ ಮೇಲೆ ನಿಂತಿದೆ. ನಮ್ಮ ದಾರಿಯಲ್ಲಿ ಕಾಡು ಶುರುವಾದ ಮೇಲೆ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಕೆಲವು ಕಣಿವೆಗಳಲ್ಲಿ ಇಲ್ಲವೇ ಇಲ್ಲ. ಆನ್‌ಲೈನ್ ಹಾಡು ನಂಬಿಕೊಂಡರೆ ಪಲ್ಲವಿ ಒಂದು ಊರಲ್ಲಿ, ಚರಣ ಇನ್ನೊಂದು ಊರಲ್ಲಿ. ಅದಕ್ಕೆ ಪೆನ್‌ಡ್ರೈವ್‌ನಲ್ಲಿ ಹಾಡು, ಫೋನಿನಲ್ಲಿ ಮೊದಲೇ ಇಳಿಸಿಟ್ಟ ಜಿಲ್ಲೆಯ ನಕ್ಷೆ. ಬ್ಲೂಟೂತ್‌ನಲ್ಲಿ ಹೋಗುವ ಹಾಡು ಮತ್ತೊಮ್ಮೆ ಹಿಂಡಿಸಿಕೊಂಡು ಹೋಗುತ್ತದೆ, ಪೆನ್‌ಡ್ರೈವ್‌ನಿಂದ ನೇರವಾಗಿ ಬರುವುದು ಸ್ಪಷ್ಟ. ಸಿಡಿಯಿಂದ ಫ್ಲಾಕ್ (ದನಿ ಏನೂ ಕಳೆದುಕೊಳ್ಳದ ಫೈಲ್) ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸಿಗ್ನಲ್ ಹೋದಲ್ಲಿ ರೇಡಿಯೋ ಬೇಕಾಗುತ್ತದೆ. ಆಕಾಶವಾಣಿ ಭದ್ರಾವತಿ ಕೇಳದೆ ನಮ್ಮ ಮನೆಯವರಿಗೆ ಪ್ರಯಾಣ ಅನ್ನಿಸುವುದಿಲ್ಲ. ಹೊಸ ಸ್ಕ್ರೀನ್‌ನಲ್ಲಿ ಮೊದಲು ಎಫ್‌ಎಂ ಕೆಲವು ಸ್ಟೇಷನ್ ಹಿಡಿಯುತ್ತಲೇ ಇರಲಿಲ್ಲ. ಸೆಟ್ಟಿಂಗ್ ತೆಗೆದು ನೋಡಿದರೆ ಪ್ರದೇಶ ಅಮೆರಿಕ ಅಂತ ಇತ್ತು. ಅಲ್ಲಿನ ಸ್ಟೇಷನ್‌ಗಳು ಚುಕ್ಕಿಯ ಮುಂದೆ ಬೆಸ ಅಂಕಿಯಲ್ಲೇ ಇರುವುದರಿಂದ ಟ್ಯೂನರ್ ಒಂದು ಬಿಟ್ಟು ಒಂದು ಹಾರುತ್ತದೆ. ಪ್ರದೇಶ ಬದಲಿಸಿದ ಕೂಡಲೇ ಎಲ್ಲಾ ಬಂತು. ಕಡಿಮೆ ಬೆಲೆಯ ಯುಎಸ್‌ಬಿ ಚಾರ್ಜರ್ ಲೈಟರ್ ಸಾಕೆಟ್‌ನಲ್ಲಿದ್ದರೆ ಅದೂ ಎಫ್‌ಎಂನಲ್ಲಿ ಗರಗರ ತರುತ್ತದೆ, ಕಿತ್ತು ನೋಡಿ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುವುದರಿಂದ ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ, ಅದಕ್ಕೆ ಯಾವ ಸ್ಟೀರಿಯೋದಲ್ಲೂ ಮದ್ದಿಲ್ಲ. ನೆಲ ಹಿಡಿದು ಗುಡ್ಡ ಬಳಸಿ ಬರುವ ಮೀಡಿಯಂ ವೇವ್ ಈ ಹೊಸ ಸ್ಕ್ರೀನ್‌ಗಳಲ್ಲಿ ಸರಿಯಾಗಿ ಸಿಗುವುದಿಲ್ಲ. ಹಳೆಯ ಸ್ಟೀರಿಯೋ ಬಿಟ್ಟುಕೊಟ್ಟಾಗ ನನಗೆ ನಿಜವಾಗಿ ಬೇಸರವಾಗಿದ್ದು ಇದೊಂದಕ್ಕೆ.

ಕೊನೆಯ ಕೆಲಸ ಟ್ಯೂನಿಂಗ್. ದುಡ್ಡು ಖರ್ಚಿಲ್ಲದ, ತಾಳ್ಮೆ ಮಾತ್ರ ಬೇಡುವ ಕೆಲಸ. ಬಾಗಿಲ ಸ್ಪೀಕರಿಗೆ 80 ಹರ್ಟ್ಸ್‌ಗಿಂತ ಕೆಳಗಿನದು ಹೋಗದಂತೆ ಕತ್ತರಿಸಿ, ಅದನ್ನು ಸೀಟಿನ ಕೆಳಗಿನ ಸಬ್‌ಗೆ ಬಿಟ್ಟೆವು. ಕೆಳಗಿನ ಸ್ವರದ ಭಾರ ಇಳಿದ ಮೇಲೆ ಬಾಗಿಲ ಸ್ಪೀಕರ್ ಹಾಡಿಗೆ ಹಗುರಾಗಿ ಸಿಗುತ್ತದೆ. ಆಮೇಲೆ ಟೇಪ್ ಹಿಡಿದು ನನ್ನ ಕಿವಿಯಿಂದ ಎರಡೂ ಬಾಗಿಲ ಸ್ಪೀಕರಿಗೆ ಇರುವ ದೂರ ಅಳೆದೆವು. ಬಲಗಡೆಯದು ಹತ್ತಿರ, ಎಡಗಡೆಯದು ಸುಮಾರು 45 ಸೆಂಟಿಮೀಟರ್ ಜಾಸ್ತಿ ದೂರ. ಸದ್ದು ಒಂದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗೆ 34 ಸೆಂಟಿಮೀಟರ್. ಆ ಲೆಕ್ಕದಲ್ಲಿ ಬಲ ಸ್ಪೀಕರನ್ನು 1.3 ಮಿಲಿಸೆಕೆಂಡ್ ತಡ ಮಾಡಿದರೆ ಎರಡೂ ಕಡೆಯ ಸದ್ದು ಒಟ್ಟಿಗೆ ಕಿವಿಗೆ ಬರುತ್ತದೆ. ಇಷ್ಟು ಸಣ್ಣ ಅಂಕಿ ಹಾಕಿದ ಕೂಡಲೇ ನನ್ನ ಬಲ ಮೊಣಕಾಲಿನ ಹತ್ತಿರ ಹಾಡುತ್ತಿದ್ದ ಭಾಗವತರು ಎದುರಿಗೆ, ಡ್ಯಾಶ್‌ಬೋರ್ಡಿನ ನಡುವೆ ಬಂದು ಕೂತರು. ಒಂದು ಕಡೆ ಚೆಂಡೆ, ಇನ್ನೊಂದು ಕಡೆ ಮದ್ದಳೆ. ಅದನ್ನು ಕೇಳಿದ ಮೇಲೆ ಇದಿಲ್ಲದೆ ಇಷ್ಟು ವರ್ಷ ಹೇಗೆ ಕೇಳಿದೆ ಅನ್ನಿಸಿತು.

ಚೆಂಡೆ ಮೊದಮೊದಲು ಕಿವಿಗೆ ಚುಚ್ಚುತ್ತಿತ್ತು. ಈಕ್ವಲೈಜರ್‌ನಲ್ಲಿ 3,000 ಹರ್ಟ್ಸ್ ಸುತ್ತ ಸ್ವಲ್ಪ ತಗ್ಗಿಸಿದೆ. ಏರಿಸುವುದಕ್ಕಿಂತ ತಗ್ಗಿಸಿ ಸರಿಮಾಡುವುದು ಒಳ್ಳೆಯದು, ಆಂಪ್ ಮೇಲೆ ಒತ್ತಡ ಬೀಳುವುದಿಲ್ಲ. ನಾವಡರ ಕ್ಯಾಸೆಟ್‌ನಲ್ಲಿ ಹಿಂದೆ ಕೇಳದೇ ಇದ್ದ ಟೇಪಿನ ಸುಯ್ಗುಟ್ಟುವಿಕೆ ಈಗ ಕೇಳುತ್ತದೆ. ಒಳ್ಳೆಯ ಸ್ಪೀಕರ್ ಎಲ್ಲವನ್ನೂ ಕೇಳಿಸುತ್ತದೆ. ಅದರ ಜೊತೆಗೇ ಅವರು ಪದ್ಯ ಎತ್ತಿಕೊಳ್ಳುವ ಮೊದಲು ಉಸಿರು ತೆಗೆದುಕೊಳ್ಳುವುದೂ, ತಾಳದ ಅಂಚು ತಾಗುವುದೂ ಕೇಳುತ್ತದೆ. ಸುಯ್ ಅನ್ನುವುದನ್ನು ತೆಗೆಯಲು ಹೋದರೆ ಇದೂ ಹೋಗುತ್ತದೆ, ಹಾಗೇ ಬಿಟ್ಟಿದ್ದೇನೆ.

ಜೋರು ಮಳೆಯಲ್ಲಿ ರಿಪ್ಪನ್‌ಪೇಟೆ ದಾರಿಯಲ್ಲಿ ಓಡಿಸಿ ನೋಡಿದೆ. ಮಳೆಯ ಸದ್ದು ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಟಪಟಪ ಅನ್ನುವ ಚೂಪು ಇಳಿದು ಮಂದವಾಗಿದೆ. ಮಾತಿನ ಅಕ್ಷರಗಳು ಬಿಡಿಸಿ ಕೇಳಲು ಬೇಕಾದ ಮೇಲಿನ ಸ್ವರಗಳ ಜಾಗ ಖಾಲಿಯಾಗಿದೆ. ಮೊದಲು ವಾಲ್ಯೂಮ್ ತುದಿಗೆ ಏರಿಸುತ್ತಿದ್ದ ಕಡೆ ಈಗ ಅರ್ಧದಲ್ಲೇ ಸಾಹಿತ್ಯ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮನ ಮಾತೂ ಕೇಳುತ್ತದೆ, ಅವರಿಗೆ ಅದೇ ದೊಡ್ಡ ಸಮಾಧಾನ.

ಒಟ್ಟು 60 ಸಾವಿರದ ಹತ್ತಿರ ಬಂತು. ಡ್ಯಾಂಪಿಂಗ್ ಶೀಟ್, ವೈರ್ ಮತ್ತು ಕೂಲಿ ಸೇರಿದರೆ ಸ್ಕ್ರೀನಿಗಿಂತ ಜಾಸ್ತಿ. ಬಿಲ್ಲುಗಳನ್ನು ಇನ್ಶೂರೆನ್ಸ್‌ನವರಿಗೆ ಕೊಟ್ಟು ಪಾಲಿಸಿಯಲ್ಲಿ ಸೇರಿಸಿದೆ. ಹೊರಗೆ ಹಾಕಿಸಿದ ಎಲೆಕ್ಟ್ರಿಕ್ ಸಾಮಾನಿಗೆ ಸಾಮಾನ್ಯವಾಗಿ ಅದರ ಬೆಲೆಯ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ಹೇಳದೆ ಬಿಟ್ಟರೆ ಕಳವಾದಾಗ ಅಥವಾ ನೀರು ನುಗ್ಗಿದಾಗ ಸಾಮಾನಿಗೆ ಏನೂ ಸಿಗುವುದಿಲ್ಲ.

ಹಿಂದಿನ ಬಾಗಿಲುಗಳನ್ನು ಇನ್ನೂ ಮುಟ್ಟಿಲ್ಲ. ಅಲ್ಲಿ ಕಂಪನಿ ಸ್ಪೀಕರೇ ಸಣ್ಣಗೆ ಓಡುತ್ತಿವೆ. ಸದ್ಯಕ್ಕೆ ಅವಕ್ಕೂ ಡ್ಯಾಂಪಿಂಗ್ ಮಾತ್ರ ಹಾಕಿಸುವ ಯೋಚನೆ ಇದೆ, ಅದೂ ಬೇಸಿಗೆಯಲ್ಲಿ, ತಗಡು ಒಣಗಿರುವಾಗ. ಮೇ ಕೊನೆಯ ವಾರದಲ್ಲಿ ಬಾಗಿಲ ತಳದ ತೂತುಗಳಿಗೆ ತಂತಿ ಹಾಕಿ ನೋಡುವುದು, ಅರ್ತ್ ನಟ್ ಬಿಗಿ ಮಾಡಿ ಗ್ರೀಸ್ ಹಚ್ಚುವುದು, ಎಸಿ ಡ್ರೈನ್ ಪೈಪ್ ಊದಿಸುವುದು, ಈ ಮೂರನ್ನೂ ಸರ್ವಿಸ್ ಪಟ್ಟಿಯಲ್ಲಿ ನಾನೇ ಬರೆದುಕೊಡುತ್ತೇನೆ.